ನಾಲ್ಕು ಊರು ತಿರುಗಿದ ಕಾರ್ಖಾನೆ

ಗ್ರಾಮಫೋನಿನ ಕಹಳೆಯ ಮುಂದೆ ತಲೆ ಓರೆಮಾಡಿ ಕುಳಿತು ಯಜಮಾನನ ದನಿಯನ್ನು ಆಲಿಸುವ ನಾಯಿಯ ಚಿತ್ರ ನಮ್ಮ ಹಿರಿಯರಿಗೆ ಚಿರಪರಿಚಿತ. ಮೈಸೂರು, ಬೆಂಗಳೂರು, ಧಾರವಾಡಗಳ ಅನುಕೂಲಸ್ಥರ ನಡುಮನೆಗಳಲ್ಲಿ ಆ ನಾಯಿ ಪ್ಲೇಟಿನ ಮೇಲೆ ಕುಳಿತು ಎಷ್ಟು ಸುತ್ತು ಸುತ್ತಿತೋ ಲೆಕ್ಕವಿಟ್ಟವರಿಲ್ಲ. ನಮ್ಮಲ್ಲಿಗೆ ಬಂದ ಪ್ಲೇಟುಗಳು ಇಂಗ್ಲೆಂಡಿನ ಗ್ರಾಮಫೋನ್ ಕಂಪನಿಯವು. ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲಿ ಒತ್ತಿದವೇ ಹೆಚ್ಚು. ಅಟ್ಲಾಂಟಿಕ್ ಸಾಗರದ ಆಚೆಗೆ ಅದೇ ನಾಯಿಯನ್ನು ಲಾಂಛನವಾಗಿ ಇಟ್ಟುಕೊಂಡಿದ್ದುದು ಇನ್ನೊಂದು ಕಂಪನಿ. ವಿಕ್ಟರ್ ಟಾಕಿಂಗ್ ಮೆಷಿನ್ ಎಂಬ ಆ ಕಂಪನಿಯನ್ನು ಎಲ್ಡ್ರಿಡ್ಜ್ ಜಾನ್ಸನ್ ಎಂಬವರು ೧೯೦೧ರಲ್ಲಿ ನ್ಯೂಜೆರ್ಸಿ ಸಂಸ್ಥಾನದ ಕ್ಯಾಮ್ಡೆನ್ ಊರಿನಲ್ಲಿ ಸ್ಥಾಪಿಸಿದರು. ಮುಂದೆ ಆ ಕಂಪನಿಯ ಒಡೆತನ ಬದಲಾಯಿತು. ಅದು ತಯಾರಿಸುತ್ತಿದ್ದ ಪದಾರ್ಥ ಬದಲಾಯಿತು. ಕಾರ್ಖಾನೆ ಊರಿಂದ ಊರಿಗೆ ಹೋಯಿತು. ಕೊನೆಗೆ ದೇಶದ ಗಡಿಯನ್ನೇ ದಾಟಿ ನೆರೆಯ ಮೆಕ್ಸಿಕೊ ಸೇರಿತು.

ಕಾರ್ಖಾನೆಗಳು ದೇಶ ಬಿಟ್ಟು ದೇಶಕ್ಕೆ ಹೋಗುವ ಸುದ್ದಿ ಈಗ ದಿನಪತ್ರಿಕೆಯಲ್ಲಿ ಮಳೆ ಬೆಳೆಯ ವರ್ತಮಾನದಷ್ಟೇ ಸಾಮಾನ್ಯವಾಗಿದೆ. ಓದುವಾಗ ಅದೇನೋ ಈಚೆಗೆ ಹುಟ್ಟಿದ ರೋಗವೆಂದೋ, ಈಚೆಗೆ ಒಲಿದ ಭಾಗ್ಯವೆಂದೋ ನಮಗೆ ತೋರುತ್ತದೆ. ನಾವು ಯಾವ ಕಡೆ ನಿಂತು ಓದುತ್ತೇವೆಂಬುದರ ಮೇಲೆ ಅದು ಹೋಗುತ್ತದೆ. ಆದರೆ ಒಂದೇ ಕಂಪನಿಯ ಹೆಜ್ಜೆಯನ್ನು ಹಿಡಿದು ಎಪ್ಪತ್ತು ವರ್ಷ ಹಿಂದಕ್ಕೆ ನಡೆದರೆ ವಿಷಯ ಬೇರೆಯೇ ಆಗಿ ಕಾಣುತ್ತದೆ. ಜೆಫರ್ಸನ್ ಕೌವಿ ಎಂಬ ಅಮೆರಿಕದ ಇತಿಹಾಸಕಾರರು ಹಾಗೆ ನಡೆದು ನೋಡಿ ೧೯೯೯ರಲ್ಲಿ ಒಂದು ಗ್ರಂಥವನ್ನೇ ಬರೆದಿದ್ದಾರೆ. ಮುಂದೆ ಹೇಳುವ ನಾಲ್ಕು ಊರುಗಳ ಜಾಡನ್ನು ಮೊದಲು ಒಟ್ಟಾಗಿ ಹಿಡಿದು ತೋರಿಸಿದವರು ಅವರೇ.

ಕ್ಯಾಮ್ಡೆನ್ ಇರುವುದು ಡೆಲವೇರ್ ನದಿಯ ದಂಡೆಯಲ್ಲಿ, ಫಿಲಡೆಲ್ಫಿಯ ನಗರಕ್ಕೆ ಎದುರಾಗಿ. ಹಡಗು ಕಟ್ಟುವ ಕಾರ್ಖಾನೆ, ಡಬ್ಬಿಯಲ್ಲಿ ಸೂಪು ತುಂಬುವ ಕ್ಯಾಂಪ್‌ಬೆಲ್ ಕಾರ್ಖಾನೆ, ಗ್ರಾಮಫೋನಿನ ಕಾರ್ಖಾನೆ ಇವು ಮೂರೂ ಸೇರಿ ಆ ಊರನ್ನು ಸಾಕಿದವು. ಇಟಲಿ, ಪೋಲೆಂಡುಗಳಿಂದ ವಲಸೆ ಬಂದ ಸಂಸಾರಗಳು ಅಲ್ಲಿ ನೆಲೆ ಕಂಡಿದ್ದವು. ಗ್ರಾಮಫೋನ್ ಎಂದರೆ ಆ ಕಾಲಕ್ಕೆ ಅರ್ಧ ಯಂತ್ರ, ಅರ್ಧ ಮರಗೆಲಸ. ಆದ್ದರಿಂದ ನುರಿತ ಬಡಗಿಗಳಿಗೆ ಅಲ್ಲಿ ಗೌರವವಿತ್ತು. ೧೯೨೯ರಲ್ಲಿ ರೇಡಿಯೊ ಕಾರ್ಪೊರೇಷನ್ ಆಫ್ ಅಮೆರಿಕ, ಅಂದರೆ ಆರ್.ಸಿ.ಎ., ವಿಕ್ಟರ್ ಕಂಪನಿಯನ್ನು ಕೊಂಡುಕೊಂಡಿತು. ಮರುವರ್ಷ ಆರ್.ಸಿ.ಎ.ಯ ಅಧ್ಯಕ್ಷಸ್ಥಾನಕ್ಕೆ ಬಂದವರು ಡೇವಿಡ್ ಸಾರ್ನಾಫ್. ಬಾಲ್ಯದಲ್ಲಿ ರಷ್ಯ ಸಾಮ್ರಾಜ್ಯದ ಹಳ್ಳಿಯೊಂದರಿಂದ ಬಂದು ನ್ಯೂಯಾರ್ಕಿನಲ್ಲಿ ಪತ್ರಿಕೆ ಮಾರಿ ಬೆಳೆದ ಮನುಷ್ಯ. ರೇಡಿಯೊ, ಆಮೇಲೆ ಟೆಲಿವಿಷನ್, ಇವುಗಳ ಭವಿಷ್ಯವನ್ನು ಕಂಡು ಹಟ ಹಿಡಿದು ಸಾಧಿಸಿದ ಸಾಹಸಿ.

ರೇಡಿಯೊ ಬಂದಮೇಲೆ ಬಡಗಿಯ ಬೆಲೆ ಇಳಿಯಿತು. ಸಣ್ಣ ತಂತಿಗಳನ್ನು ಬೆಸೆಯುವುದು, ಸುರುಳಿ ಸುತ್ತುವುದು, ಬಿಡಿಭಾಗಗಳನ್ನು ಹಲಗೆಗೆ ಕೂಡಿಸುವುದು, ಇವೇ ಮುಖ್ಯ ಕೆಲಸಗಳಾದವು. ಇದಕ್ಕೆಲ್ಲ ಹರೆಯದ ಹುಡುಗಿಯರ ಬೆರಳೇ ಲೇಸು ಎಂಬ ಅಭಿಪ್ರಾಯ ವ್ಯವಸ್ಥಾಪಕರಲ್ಲಿ ಬೇರೂರಿತು. ಬೆರಳಿನ ನಯಕ್ಕಿಂತ ಕೂಲಿಯ ನಯವೇ ಅವರ ಮನಸ್ಸನ್ನು ಹೆಚ್ಚಾಗಿ ಸೆಳೆದಿರಬೇಕು. ಹುಡುಗಿಯರು ಮದುವೆಯಾಗಿ ಕೆಲಸ ಬಿಡುತ್ತಾರೆ, ಸಂಘ ಕಟ್ಟುವಷ್ಟು ಕಾಲ ನಿಲ್ಲುವುದಿಲ್ಲ, ಗಟ್ಟಿಯಾಗಿ ಮಾತನಾಡುವುದಿಲ್ಲ ಎಂಬ ನಂಬಿಕೆಯೂ ಇದಕ್ಕೆ ಸೇರಿತ್ತು. ಈ ನಂಬಿಕೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಮೂರು ಊರುಗಳಿಗೂ ಕಂಪನಿ ಇದನ್ನೇ ಗಂಟು ಕಟ್ಟಿಕೊಂಡು ಹೋಯಿತು. ಮೂರು ಊರುಗಳಲ್ಲಿಯೂ ಅದು ಸುಳ್ಳಾಯಿತು.

ಮೊದಲು ಸುಳ್ಳಾದದ್ದು ಕ್ಯಾಮ್ಡೆನ್ನಿನಲ್ಲಿಯೇ. ರೂಸ್‌ವೆಲ್ಟರ ಆಡಳಿತದಲ್ಲಿ, ೧೯೩೫ರ ಕಾನೂನಿನ ಮೂಲಕ ಕಾರ್ಮಿಕರಿಗೆ ಸಂಘ ಕಟ್ಟಿಕೊಳ್ಳುವ ಹಕ್ಕು ದೊರೆತಿತ್ತು. ಮಹಾ ಆರ್ಥಿಕ ಮುಗ್ಗಟ್ಟಿನ ನಡುವೆ, ೧೯೩೬ರ ಜೂನ್ ತಿಂಗಳಿನಲ್ಲಿ, ವಿದ್ಯುತ್ ಮತ್ತು ರೇಡಿಯೊ ಕಾರ್ಮಿಕರ ಹೊಸ ಸಂಘದ ನಾಯಕತ್ವದಲ್ಲಿ ಸಾವಿರಾರು ಜನ ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಸುಮಾರು ನಾಲ್ಕು ವಾರ ನಡೆದ ಆ ಮುಷ್ಕರದಲ್ಲಿ ಹೊಡೆದಾಟ, ಸೆರೆ, ಜಾಮೀನು ಎಲ್ಲವೂ ಆದವು. ಹೆಂಗಸರು ಮುಂದಿನ ಸಾಲಿನಲ್ಲಿದ್ದರು. ಕಂಪನಿ ತನ್ನದೇ ಒಂದು ಸಾಕುಸಂಘವನ್ನು ಎದುರು ನಿಲ್ಲಿಸಿ ನೋಡಿತು. ಕಾನೂನಿನ ಸಂದುಗಳನ್ನು ಹುಡುಕಿತು. ಕೊನೆಗೆ ಹೊಸ ಸಂಘವನ್ನು ಒಪ್ಪಿಕೊಳ್ಳಬೇಕಾಯಿತು. ಕೂಲಿ ಏರಿತು.

ಅಲ್ಲಿಗೆ ಸಂಘ ಗೆದ್ದಿತೆಂದು ಬರೆದು ಪುಟ ತಿರುವಿದರೆ ಇತಿಹಾಸ ಅರ್ಧವಾಗುತ್ತದೆ. ಕಂಪನಿ ವಾದ ಬೆಳೆಸದೆ ಬೇರೆ ಊರು ಹುಡುಕತೊಡಗಿತು.

ಸಿಕ್ಕಿದ ಊರು ಇಂಡಿಯಾನ ಸಂಸ್ಥಾನದ ಬ್ಲೂಮಿಂಗ್‌ಟನ್. ಸುತ್ತಮುತ್ತ ಸುಣ್ಣಕಲ್ಲಿನ ಗಣಿಗಳು; ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಹೊದಿಸಿದ ಕಲ್ಲು ಆ ಸೀಮೆಯದೇ. ಊರಿನಲ್ಲಿ ಒಂದು ವಿಶ್ವವಿದ್ಯಾನಿಲಯ, ಷವರ್ಸ್ ಸೋದರರ ಮರದ ಪೀಠೋಪಕರಣಗಳ ದೊಡ್ಡ ಕಾರ್ಖಾನೆ. ಮುಗ್ಗಟ್ಟಿನ ಕಾಲದಲ್ಲಿ ಕಲ್ಲೂ ನಿಂತಿತು, ಮರವೂ ನಿಂತಿತು. ಗಂಡಸರು ಕೆಲಸವಿಲ್ಲದೆ ಕುಳಿತಿದ್ದರು. ೧೯೪೦ರಲ್ಲಿ ಆರ್.ಸಿ.ಎ. ಅಲ್ಲಿಗೆ ಬಂದು ಖಾಲಿಯಾದ ಕಟ್ಟಡವೊಂದನ್ನು ಕೊಂಡು ರೇಡಿಯೊ ಜೋಡಣೆಗೆ ತೊಡಗಿತು. ಕೆಲಸ ಸಿಕ್ಕಿದ್ದು ಕುಳಿತಿದ್ದ ಗಂಡಸರಿಗಲ್ಲ. ಹೆಚ್ಚಾಗಿ ಅವರ ಹೆಣ್ಣುಮಕ್ಕಳಿಗೆ, ಹೆಂಡಿರಿಗೆ. ೧೯೪೯ರಲ್ಲಿ ಅಲ್ಲಿ ಟೆಲಿವಿಷನ್ ತಯಾರಿಕೆ ಪ್ರಾರಂಭವಾಯಿತು. ೧೯೫೪ರ ಮಾರ್ಚಿಯಲ್ಲಿ ಆರ್.ಸಿ.ಎ.ಯ ಮೊಟ್ಟಮೊದಲ ವರ್ಣ ಟೆಲಿವಿಷನ್ ಪೆಟ್ಟಿಗೆ ಅಲ್ಲಿಂದಲೇ ಹೊರಬಿತ್ತು. ಅದರ ಬೆಲೆ ಸಾವಿರ ಡಾಲರು. ಜಗತ್ತಿನ ವರ್ಣ ಟೆಲಿವಿಷನ್ನಿನ ರಾಜಧಾನಿ ಎಂದು ಊರಿನವರು ತಮ್ಮನ್ನು ತಾವು ಕರೆದುಕೊಂಡರು. ಹತ್ತು ಹದಿನೈದು ವರ್ಷಗಳ ಮಟ್ಟಿಗೆ ಆ ಮಾತಿನಲ್ಲಿ ಅತಿಶಯವಿರಲಿಲ್ಲ.

ಅದೇ ಹತ್ತು ಹದಿನೈದು ವರ್ಷಗಳಲ್ಲಿ ಬ್ಲೂಮಿಂಗ್‌ಟನ್ನಿನ ಹೆಂಗಸರೂ ಪಳಗಿದರು. ಮದುವೆಯಾದರೂ ಕೆಲಸ ಬಿಡಲಿಲ್ಲ, ಮಕ್ಕಳಾದ ಮೇಲೂ ಬಂದರು, ಮನೆ ಕಟ್ಟಿಸಲು ಸಾಲ ತೆಗೆದರು, ಸೇವಾಹಿರಿತನ ಸಂಪಾದಿಸಿದರು. ಅರವತ್ತರ ದಶಕದ ನಡುವೆ ಅಲ್ಲಿಯೂ ಮುಷ್ಕರಗಳು ಕಾಣಿಸಿಕೊಂಡವು. ಜಪಾನಿನ ಸ್ಪರ್ಧೆಯೂ ಅಷ್ಟರಲ್ಲಿ ಮೇಲೆ ಬಂದಿತ್ತು. ಇಲ್ಲೊಂದು ಸೋಜಿಗವಿದೆ. ವರ್ಣ ಟೆಲಿವಿಷನ್ನಿನ ವಿದ್ಯೆಯನ್ನು ಜಪಾನಿಯರಿಗೆ ಪರವಾನಗಿಯ ಮೇಲೆ ಮಾರಿ ರಾಜಧನ ಪಡೆದವರಲ್ಲಿ ಆರ್.ಸಿ.ಎ.ಯೇ ಮುಂದು. ಗಿಣಿಗೆ ಮಾತು ಕಲಿಸಿ, ಅದು ಮಾತನಾಡಿದಾಗ ಗಲಾಟೆ ಎಂದವರ ಹಾಗಾಯಿತು.

ಮೂರನೆಯ ಊರಾದ ಮೆಂಫಿಸಿನದು ಚಿಕ್ಕ ಅಧ್ಯಾಯ. ಟೆನೆಸ್ಸಿ ಸಂಸ್ಥಾನದ ಈ ನಗರದಲ್ಲಿ ೧೯೬೬ರಲ್ಲಿ ಕಪ್ಪುಬಿಳುಪು ಟೆಲಿವಿಷನ್ನಿಗಾಗಿ ಹೊಸ ಕಾರ್ಖಾನೆ ಎದ್ದಿತು. ದಕ್ಷಿಣದವರು ಸಂಘದ ಗೊಡವೆಗೆ ಹೋಗುವವರಲ್ಲ ಎಂಬ ಖ್ಯಾತಿ ಇತ್ತು. ಆದರೆ ಆ ಕಾಲದ ಮೆಂಫಿಸಿನ ನೀಗ್ರೊ ಜನತೆ ತಮ್ಮ ಹಕ್ಕಿಗಾಗಿ ಎದ್ದು ನಿಂತಿತ್ತು. ೧೯೬೮ರ ಏಪ್ರಿಲ್ ೪ರಂದು ಮಾರ್ಟಿನ್ ಲೂಥರ್ ಕಿಂಗರು ಕೊಲೆಯಾದದ್ದು ಅದೇ ಊರಿನಲ್ಲಿ. ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೊಡಲು ಅವರು ಅಲ್ಲಿಗೆ ಬಂದಿದ್ದರು. ಕಾರ್ಖಾನೆಯೊಳಗೂ ಆ ಗಾಳಿ ಬೀಸಿತು. ಸಂಘ ಬಂದೇ ಬಂದಿತು. ಐದು ವರ್ಷ ತುಂಬುವ ಹೊತ್ತಿಗೆ ಕಂಪನಿ ಬಾಗಿಲು ಮುಚ್ಚಿ ಕೆಲಸವನ್ನು ಬೇರೆಡೆಗೆ, ಅದರಲ್ಲೊಂದು ಭಾಗವನ್ನು ತೈವಾನಿಗೆ, ಸಾಗಿಸಿತು.

ಇಷ್ಟರಲ್ಲಿ ನಾಲ್ಕನೆಯ ಊರು ಸಿದ್ಧವಾಗಿತ್ತು. ಅದು ಹೇಗೆ ಸಿದ್ಧವಾಯಿತೆಂಬುದನ್ನು ತಿಳಿಯಲು ಮೆಕ್ಸಿಕೊ ದೇಶದ ಕಡೆಯಿಂದ ನೋಡಬೇಕು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಹೊಲಗದ್ದೆಗಳಿಗೆ ಆಳುಗಳು ಸಾಲದಾದಾಗ, ೧೯೪೨ರಲ್ಲಿ ಎರಡು ದೇಶಗಳ ನಡುವೆ ಒಪ್ಪಂದವಾಯಿತು. ಮೆಕ್ಸಿಕೊದ ಗಂಡಾಳುಗಳು ಕರಾರಿನ ಮೇಲೆ ಹೋಗಿ ಬೆಳೆ ಕಟಾವು ಮಾಡಿಕೊಟ್ಟು ಬರುವುದು. ಬ್ರಾಸೆರೊ ಎಂದರೆ ತೋಳಿನಿಂದ ದುಡಿಯುವವನು. ಯುದ್ಧ ಮುಗಿದರೂ ಈ ಪದ್ಧತಿ ಮುಗಿಯಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ನಲವತ್ತೈದು ಲಕ್ಷದಷ್ಟು ಕರಾರುಗಳು ಆದವು. ೧೯೬೪ರ ಕೊನೆಯಲ್ಲಿ ಅಮೆರಿಕ ಅದನ್ನು ನಿಲ್ಲಿಸಿತು. ಲಕ್ಷಾಂತರ ಗಂಡಸರು ಹಿಂದಿರುಗಿ ಗಡಿಯ ಊರುಗಳಲ್ಲಿ ಕೂಡಿಬಿದ್ದರು. ಒಳನಾಡಿನ ಹಳ್ಳಿಗಳಲ್ಲಿ ಅವರಿಗೆ ಹೊಲವಿಲ್ಲ, ಗಡಿಯಲ್ಲಿ ಕೆಲಸವಿಲ್ಲ.

ಮೆಕ್ಸಿಕೊದ ಕೈಗಾರಿಕಾ ಮಂತ್ರಿ ಒಕ್ತಾವಿಯಾನೊ ಕಾಂಪೊಸ್ ಸಾಲಾಸ್ ಅವರು ಪೂರ್ವ ಏಷ್ಯದ ಪ್ರವಾಸ ಮಾಡಿ, ಹಾಂಗ್‌ಕಾಂಗ್ ಮುಂತಾದೆಡೆ ಅಮೆರಿಕದ ಕಂಪನಿಗಳಿಗಾಗಿ ನಡೆಯುತ್ತಿದ್ದ ಜೋಡಣೆಯ ಕಾರ್ಖಾನೆಗಳನ್ನು ಕಂಡು ಬಂದಿದ್ದರು. ಸಮುದ್ರದಾಚೆ ಆಗುವ ಕೆಲಸ ಸೇತುವೆಯಾಚೆ ಏಕಾಗಬಾರದು? ೧೯೬೫ರಲ್ಲಿ ಗಡಿ ಕೈಗಾರಿಕೀಕರಣ ಯೋಜನೆ ಜಾರಿಗೆ ಬಂದಿತು. ಗಡಿಯಿಂದ ಇಪ್ಪತ್ತು ಕಿಲೋಮೀಟರಿನೊಳಗೆ ವಿದೇಶೀ ಕಂಪನಿ ಪೂರ್ಣ ಒಡೆತನದ ಕಾರ್ಖಾನೆ ತೆರೆಯಬಹುದು. ಯಂತ್ರ, ಕಚ್ಚಾಮಾಲು, ಬಿಡಿಭಾಗಗಳನ್ನು ಸುಂಕವಿಲ್ಲದೆ ತರಬಹುದು. ಆದರೆ ತಯಾರಾದ ಮಾಲನ್ನೆಲ್ಲ ಹೊರಕ್ಕೆ ಕಳಿಸಬೇಕು. ಅಮೆರಿಕದ ಸುಂಕದ ಕಾನೂನಿನಲ್ಲಿಯೂ ಇದಕ್ಕೆ ಹೊಂದುವ ಒಂದು ಬಾಗಿಲು ತೆರೆದಿತ್ತು. ೮೦೭ನೆಯ ಬಾಬಿನ ಪ್ರಕಾರ, ಅಮೆರಿಕದ ಬಿಡಿಭಾಗಗಳನ್ನು ಹೊರದೇಶದಲ್ಲಿ ಜೋಡಿಸಿ ಮರಳಿ ತಂದರೆ, ಹೊರಗೆ ಸೇರಿದ ಮೌಲ್ಯಕ್ಕೆ ಮಾತ್ರ ಸುಂಕ. ಹೊರಗೆ ಸೇರಿದ ಮೌಲ್ಯವೆಂದರೆ ಮುಖ್ಯವಾಗಿ ಕೂಲಿ. ಕೂಲಿ ಕಡಿಮೆಯಾದಷ್ಟೂ ಸುಂಕವೂ ಕಡಿಮೆ. ಅಗ್ಗದ ಕೂಲಿಗೆ ಎರಡು ಕಡೆಯಿಂದ ಬಹುಮಾನ!

ಈ ಕಾರ್ಖಾನೆಗಳಿಗೆ ಮೆಕ್ಸಿಕೊದಲ್ಲಿ ಮಾಕಿಲಾದೋರ ಎಂಬ ಹೆಸರು ಬಿದ್ದಿತು. ಮಾಕಿಲಾ ಎಂಬುದು ಹಿಟ್ಟಿನ ಗಿರಣಿಯ ಹಳೆಯ ಮಾತು, ಅರಬ್ಬೀ ಮೂಲದ್ದು. ರೈತ ತಂದ ಕಾಳನ್ನು ಬೀಸಿಕೊಟ್ಟವನು ತನ್ನ ಕೂಲಿಯೆಂದು ಅದರಲ್ಲಿಯೇ ಮುರಿದುಕೊಳ್ಳುವ ಪಾಲು. ಕಾಳೂ ಅವನದಲ್ಲ, ಹಿಟ್ಟೂ ಅವನದಲ್ಲ. ಇಳಕಲ್ಲಿನಲ್ಲಿ ಸಾಹುಕಾರನಿಂದ ನೂಲು ತಂದು ಸೀರೆ ನೇಯ್ದುಕೊಟ್ಟು ಮಜೂರಿ ಪಡೆಯುವ ನೇಕಾರನಿಗೆ ಈ ಮಾತನ್ನು ವಿವರಿಸಬೇಕಾದ ಅವಶ್ಯಕತೆಯಿಲ್ಲ. ಒಂದು ಕೈಗಾರಿಕಾ ನೀತಿಗೆ ಜನ ಇಟ್ಟ ಹೆಸರಿನಲ್ಲಿ ಅದರ ಸಮಗ್ರ ವಿಮರ್ಶೆ ಅಡಗಿರುವುದು ಅಪರೂಪ.

ಗಡಿಯ ನದಿಗೆ ಅಮೆರಿಕದವರು ರಿಯೊ ಗ್ರಾಂಡೆ ಎನ್ನುತ್ತಾರೆ, ಮೆಕ್ಸಿಕೊದವರು ರಿಯೊ ಬ್ರಾವೊ ಎನ್ನುತ್ತಾರೆ. ಅದರ ಆ ದಡದಲ್ಲಿ ಎಲ್ ಪಾಸೊ. ಈ ದಡದಲ್ಲಿ ಸಿಯುದಾದ್ ಹ್ವಾರೆಸ್. ಮೆಕ್ಸಿಕೊದ ದೊಡ್ಡ ರಾಷ್ಟ್ರಪುರುಷ ಬೆನಿತೊ ಹ್ವಾರೆಸರ ಹೆಸರನ್ನು ಈ ಊರಿಗೆ ೧೮೮೮ರಲ್ಲಿ ಇಟ್ಟರು. ಹತ್ತಿ ಬೆಳೆಯುವ ಕಣಿವೆ, ಸುತ್ತ ಮರಳುಗಾಡು. ಬೆರ್ಮೂದೆಸ್ ಮನೆತನದವರು ತಮ್ಮ ಜಮೀನಿನಲ್ಲಿ ಒಂದು ಕೈಗಾರಿಕಾ ಬಡಾವಣೆಯನ್ನು ಕಟ್ಟಿದರು. ಅದಕ್ಕೆ ಮೊದಲು ಬಂದ ದೊಡ್ಡ ಕಂಪನಿಗಳಲ್ಲಿ ಆರ್.ಸಿ.ಎ. ಒಂದು. ಅದು ಬಂದಮೇಲೆ ಉಳಿದವರಿಗೂ ಧೈರ್ಯ ಬಂದಿತು. ಅರವತ್ತರ ದಶಕ ಮುಗಿಯುವಷ್ಟರಲ್ಲಿ ಅಲ್ಲಿ ಟೆಲಿವಿಷನ್ನಿನ ಬಿಡಿಭಾಗಗಳ ತಯಾರಿಕೆ ನಡೆಯುತ್ತಿತ್ತು. ಎಂಜಿನಿಯರು ಬೆಳಿಗ್ಗೆ ಎಲ್ ಪಾಸೊದ ತನ್ನ ಮನೆಯಲ್ಲಿ ಕಾಫಿ ಕುಡಿದು, ಮೋಟಾರಿನಲ್ಲಿ ಸೇತುವೆ ದಾಟಿ ಕೆಲಸ ನೋಡಿಕೊಂಡು, ಸಂಜೆ ಮರಳಿ ಅಮೆರಿಕದಲ್ಲಿ ಊಟ ಮಾಡಬಹುದು. ಹಾಂಗ್‌ಕಾಂಗಿನಲ್ಲಿ ಇದು ಸಾಧ್ಯವಿರಲಿಲ್ಲ. ನೆರೆಯ ದೇಶದ ಲಾಭವೆಂದರೆ ಇದೇ. ಕೂಲಿ ಪರದೇಶದ್ದು, ದಾರಿ ಪಕ್ಕದ ಬೀದಿಯದು.

ಆದರೆ ಯೋಜನೆ ಹೊರಟದ್ದು ಕೆಲಸ ಕಳೆದುಕೊಂಡ ಬ್ರಾಸೆರೊ ಗಂಡಸರಿಗಾಗಿ ಎಂಬುದನ್ನು ನೆನೆಯಬೇಕು. ಕಾರ್ಖಾನೆಯವರು ಕರೆದದ್ದು ಹದಿನಾರರಿಂದ ಇಪ್ಪತ್ತನಾಲ್ಕರ ಒಳಗಿನ, ಮದುವೆಯಾಗದ ಹುಡುಗಿಯರನ್ನು! ಕ್ಯಾಮ್ಡೆನ್ನಿನಲ್ಲಿ ಹೇಳಿದ ಬೆರಳಿನ ನಯದ ಮಾತನ್ನೇ ಇಲ್ಲಿ ಸ್ಪ್ಯಾನಿಷಿನಲ್ಲಿ ಹೇಳಿದರು. ಅಪ್ಪ ಮನೆಯಲ್ಲಿ, ಮಗಳು ಕಾರ್ಖಾನೆಯಲ್ಲಿ. ದುಡಿಯುವ ಮಗಳ ಮಾತಿಗೆ ಮನೆಯಲ್ಲಿ ತೂಕ ಬಂದಿತು. ಅವಳು ತನ್ನ ದುಡ್ಡಿನಲ್ಲಿ ಬಟ್ಟೆ ಕೊಂಡಳು, ವಾರದ ಕೊನೆಗೆ ಗೆಳತಿಯರೊಡನೆ ಕುಣಿಯಲು ಹೋದಳು. ಇದನ್ನು ಸಣ್ಣದೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಳ್ಳಿಯಲ್ಲಿ ಅವಳಿಗೆ ಇದಾವುದೂ ಇರಲಿಲ್ಲ. ಅಮೆರಿಕದ ಸಂಘದವರು ಈ ಹುಡುಗಿಯರನ್ನು ತಮ್ಮ ಅನ್ನ ಕಸಿದವರೆಂದು ದೂರಿದರು. ಬ್ಲೂಮಿಂಗ್‌ಟನ್ನಿನ ಹೆಂಗಸರು ಇಪ್ಪತ್ತೈದು ವರ್ಷದ ಕೆಳಗೆ ಕ್ಯಾಮ್ಡೆನ್ನಿನವರ ಅನ್ನ ಕಸಿದವರೇ ಎಂದು ಆಗ ಯಾರೂ ಕೇಳಲಿಲ್ಲ.

ಕಾಗದದ ಮೇಲೆ ಮೆಕ್ಸಿಕೊದ ಕಾರ್ಮಿಕನಿಗೆ ಅಮೆರಿಕದವನಿಗಿಂತ ಹೆಚ್ಚಿನ ರಕ್ಷಣೆಯುಂಟು. ೧೯೧೭ರ ಸಂವಿಧಾನದ ೧೨೩ನೆಯ ವಿಧಿ ಎಂಟು ಗಂಟೆಯ ದುಡಿಮೆ, ಸಂಘ, ಮುಷ್ಕರಗಳ ಹಕ್ಕನ್ನು ಬಾಯ್ತುಂಬ ಕೊಟ್ಟಿದೆ. ಆದರೆ ಸಂಘಗಳೆಲ್ಲ ಆಳುವ ಪಕ್ಷದ ಹಿಡಿತದಲ್ಲಿದ್ದವು. ಕಾರ್ಖಾನೆ ತೆರೆಯುವ ಮೊದಲೇ ಮಾಲೀಕನೂ ಸಂಘದ ಪುಢಾರಿಯೂ ಒಪ್ಪಂದಕ್ಕೆ ಸಹಿ ಹಾಕಿಕೊಳ್ಳುತ್ತಿದ್ದರು. ತಾನು ಸಂಘದ ಸದಸ್ಯಳೆಂದು ಹುಡುಗಿಗೆ ಎಷ್ಟೋ ವರ್ಷ ಗೊತ್ತಾಗದೆ ಇದ್ದುದುಂಟು.

೧೯೬೫ರಲ್ಲಿ ಇಂಥ ಕಾರ್ಖಾನೆಗಳು ಇಡೀ ಗಡಿಯಲ್ಲಿ ಹನ್ನೆರಡು. ಕೆಲಸಗಾರರು ಸುಮಾರು ಮೂರು ಸಾವಿರ. ೧೯೮೦ರ ವೇಳೆಗೆ ಆರುನೂರಕ್ಕೆ ಮೀರಿದ ಕಾರ್ಖಾನೆಗಳಲ್ಲಿ ಸುಮಾರು ಒಂದು ಲಕ್ಷದ ಇಪ್ಪತ್ತು ಸಾವಿರ ಜನ. ನಿಜವಾದ ನೆರೆ ಬಂದದ್ದು ಅನಂತರ, ಮೆಕ್ಸಿಕೊದ ದುರ್ದಿನದಲ್ಲಿ. ತೈಲದ ಬೆಲೆ ಇಳಿದು, ಸಾಲ ತೀರಿಸಲಾರದೆ ೧೯೮೨ರಲ್ಲಿ ದೇಶ ಕೈಯೆತ್ತಿತು. ಆ ವರ್ಷದ ಮೊದಲಿಗೆ ಡಾಲರಿಗೆ ೨೬-೨೭ ಪೆಸೊ ಇದ್ದುದು ಕೊನೆಗೆ ೧೫೦ರ ಹತ್ತಿರ ಹೋಯಿತು. ಹುಡುಗಿಯ ಕೈಗೆ ಬರುವ ಪೆಸೊಗಳಿಂದ ಮನೆ ನಡೆಯದು. ಅದೇ ಪೆಸೊಗಳು ಕಂಪನಿಯ ಡಾಲರಿನ ಲೆಕ್ಕದಲ್ಲಿ ಪುಡಿಗಾಸು. ಹತ್ತೇ ವರ್ಷದಲ್ಲಿ ಕೆಲಸಗಾರರ ಸಂಖ್ಯೆ ನಾಲ್ಕೂವರೆ ಲಕ್ಷ ಮುಟ್ಟಿತು. ಹುಡುಗಿಯರು ಸಾಲದೆ ಈಗ ಹುಡುಗರನ್ನೂ ತೆಗೆದುಕೊಂಡರು. ೧೯೭೦ರಲ್ಲಿ ನಾಲ್ಕು ಲಕ್ಷ ಚಿಲ್ಲರೆ ಜನವಿದ್ದ ಹ್ವಾರೆಸ್ ೨೦೦೦ದ ಹೊತ್ತಿಗೆ ಹನ್ನೆರಡು ಲಕ್ಷ ಮೀರಿತು. ಜನ ಮರಳುದಿಬ್ಬಗಳ ಮೇಲೆ ಹಲಗೆ, ರಟ್ಟು, ತಗಡುಗಳಿಂದ ಗೂಡು ಕಟ್ಟಿಕೊಂಡರು. ಕಾರ್ಖಾನೆಗಳಿಗೆ ನೀರಿನ ಕೊಳಾಯಿ, ಟಾರು ರಸ್ತೆ, ದೀಪ. ಅಲ್ಲಿ ದುಡಿಯುವವರ ಬಡಾವಣೆಗಳಿಗೆ ಲಾರಿಯಲ್ಲಿ ಬರುವ ನೀರು. ಸುಂಕವಿಲ್ಲದ, ಹೆಚ್ಚು ತೆರಿಗೆಯಿಲ್ಲದ ಉದ್ಯಮದಿಂದ ಊರು ಕಟ್ಟಲು ಹಣ ಎಲ್ಲಿಂದ ಬರಬೇಕು?

ಅತ್ತ ಕಂಪನಿಯ ಗತಿಯೂ ಕೆಟ್ಟಿತು. ೧೯೮೬ರಲ್ಲಿ ಜನರಲ್ ಎಲೆಕ್ಟ್ರಿಕ್ ಆರ್.ಸಿ.ಎ.ಯನ್ನು ನುಂಗಿ, ಮರುವರ್ಷ ಟೆಲಿವಿಷನ್ ಭಾಗವನ್ನು ಫ್ರಾನ್ಸಿನ ಥಾಮ್ಸನ್ ಕಂಪನಿಗೆ ದಾಟಿಸಿತು. ೧೯೯೪ರ ಜನವರಿ ಒಂದರಿಂದ ಅಮೆರಿಕ, ಕೆನಡ, ಮೆಕ್ಸಿಕೊಗಳ ನಡುವೆ ಮುಕ್ತ ವ್ಯಾಪಾರದ ಒಪ್ಪಂದ ಜಾರಿಗೆ ಬಂದಿತು. ಮೆಕ್ಸಿಕೊ ಮಾಲನ್ನು ಕಳಿಸುವುದೇ ಹೊರತು ಜನರನ್ನಲ್ಲ ಎಂಬುದು ಅಧ್ಯಕ್ಷ ಸಾಲಿನಾಸರ ವಾದವಾಗಿತ್ತು. ಅದೇ ದಿನ ದಕ್ಷಿಣದ ಚಿಯಾಪಾಸಿನಲ್ಲಿ ಆದಿವಾಸಿ ರೈತರು ಬಂದೂಕು ಹಿಡಿದು ದಂಗೆಯೆದ್ದರು. ಮೆಕ್ಕೆಜೋಳದ ತವರಿಗೇ ಅಮೆರಿಕದ ಸಹಾಯಧನ ಪಡೆದ ಮೆಕ್ಕೆಜೋಳ ಬಂದು ಬಿದ್ದಾಗ ಹಳ್ಳಿ ಬಿಟ್ಟವರು ಹಲವರು ಗಡಿಯ ಕಾರ್ಖಾನೆಗಳಿಗೆ ಬಂದರು, ಹಲವರು ಗಡಿ ದಾಟಿದರು. ಸಾಲಿನಾಸರ ಮಾತು ಹುಸಿಯಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಪೆಸೊ ಮತ್ತೆ ಕುಸಿಯಿತು. ೧೯೯೫ರಲ್ಲಿ ಹ್ವಾರೆಸಿನ ಆ ಟೆಲಿವಿಷನ್ ಕಾರ್ಖಾನೆಯವರೂ ಕೂಲಿಗಾಗಿ ಕೆಲಸ ನಿಲ್ಲಿಸಿ ಹೊರಬಂದರು.

ಬ್ಲೂಮಿಂಗ್‌ಟನ್ನಿನಲ್ಲಿ ಉಳಿದಿದ್ದ ದೊಡ್ಡ ಪೆಟ್ಟಿಗೆಗಳ ಜೋಡಣೆಯೂ ಹ್ವಾರೆಸಿಗೆ ಹೋಗುವುದೆಂದು ೧೯೯೭ರಲ್ಲಿ ಪ್ರಕಟವಾಯಿತು. ೧೯೯೮ರ ಏಪ್ರಿಲಿನಲ್ಲಿ ಬಾಗಿಲು ಮುಚ್ಚಿದಾಗ ಅಲ್ಲಿ ಉಳಿದಿದ್ದವರು ಸುಮಾರು ಸಾವಿರದ ನೂರು ಜನ. ಒಂದು ಕಾಲಕ್ಕೆ ಅದರ ಹಲವು ಪಟ್ಟು ಜನ ದುಡಿದ ಜಾಗ ಅದು. ತಾಯಿ, ಮಗಳು, ಅಳಿಯ ಮೂವರೂ ಒಂದೇ ಕಾರ್ಖಾನೆಯ ಗಂಟೆಗೆ ಎದ್ದ ಮನೆಗಳಿದ್ದವು. ಸರಕಾರ ಹೊಸ ವಿದ್ಯೆ ಕಲಿಸಲು ಹಣ ಕೊಟ್ಟಿತು. ಐವತ್ತು ದಾಟಿದ ಹೆಂಗಸಿಗೆ ಹೊಸ ವಿದ್ಯೆ ಕಲಿಸಿ ಯಾರ ಮುಂದೆ ನಿಲ್ಲಿಸಬೇಕೆಂಬುದನ್ನು ಸರಕಾರ ಯೋಚಿಸಿದಂತೆ ಕಾಣದು.

ಹ್ವಾರೆಸ್ ಗೆದ್ದಿತೇ? ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಬರೆಯಲು ಕೈ ಹಿಂಜರಿಯುವ ಒಂದು ವಿಷಯವನ್ನು ಬರೆಯಲೇಬೇಕು. ೧೯೯೩ರಿಂದ ಆಚೆಗೆ ಆ ಊರಿನಲ್ಲಿ ಹೆಂಗಸರ ಕೊಲೆಗಳು ಒಂದರ ಹಿಂದೊಂದು ನಡೆದವು. ಹತ್ತು ವರ್ಷದಲ್ಲಿ ನೂರಾರು. ೨೦೦೧ರ ನವೆಂಬರಿನಲ್ಲಿ ಊರೊಳಗಿನ ಒಂದು ಹಳೆಯ ಹತ್ತಿಯ ಹೊಲದಲ್ಲಿ ಎಂಟು ಹೆಣಗಳು ಸಿಕ್ಕಿದವು. ಅವರಲ್ಲೊಬ್ಬಳು ಇಪ್ಪತ್ತು ವರ್ಷದ ಕಾರ್ಖಾನೆಯ ಹುಡುಗಿ. ಒಂದು ದಿನ ಎರಡು ನಿಮಿಷ ತಡವಾಗಿ ಬಂದಳೆಂದು ಗೇಟಿನೊಳಗೆ ಬಿಡಲಿಲ್ಲ; ಮನೆಗೆ ಹಿಂದಿರುಗಲು ಹೊರಟವಳು ತಲುಪಲಿಲ್ಲ. ಅಮೆರಿಕ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯ ೨೦೦೯ರ ನವೆಂಬರಿನಲ್ಲಿ, ಈ ಹೊಲದಲ್ಲಿ ಸಿಕ್ಕಿದ ಮೂವರ ಪರವಾಗಿ ತೀರ್ಪಿತ್ತು, ಮೆಕ್ಸಿಕೊ ರಾಷ್ಟ್ರ ತನ್ನ ಹೆಣ್ಣುಮಕ್ಕಳನ್ನು ಕಾಯಲಿಲ್ಲ, ತನಿಖೆಯನ್ನೂ ನೆಟ್ಟಗೆ ಮಾಡಲಿಲ್ಲವೆಂದು ಹೇಳಿತು. ಕೊಲೆಗಳಿಗೆಲ್ಲ ಕಾರ್ಖಾನೆಗಳೇ ಕಾರಣವೆಂದು ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ. ಸತ್ತವರಲ್ಲಿ ವಿದ್ಯಾರ್ಥಿನಿಯರು, ಅಂಗಡಿಯಲ್ಲಿ ಕೆಲಸ ಮಾಡುವವರು, ಗೃಹಿಣಿಯರು ಎಲ್ಲರೂ ಇದ್ದರು. ಆದರೆ ನಸುಕಿನ ಪಾಳಿಗೂ ನಡುರಾತ್ರಿಯ ಪಾಳಿಗೂ ಸಾವಿರಾರು ಹುಡುಗಿಯರನ್ನು ದೀಪವಿಲ್ಲದ ಬಡಾವಣೆಗಳಿಂದ ಕರೆತಂದು ಕಳಿಸುವ ಊರಿನಲ್ಲಿ, ಗೇಟಿನ ಹೊರಗಿನ ಕತ್ತಲೆ ತನ್ನ ಲೆಕ್ಕಕ್ಕೆ ಸೇರಿದ್ದಲ್ಲವೆಂದು ಎಲ್ಲರೂ ತಿಳಿದಿದ್ದರು ಎಂಬುದೂ ಸುಳ್ಳಲ್ಲ.

ಕೆಲಸವೂ ನಿಲ್ಲಲಿಲ್ಲ. ೨೦೦೦ದಲ್ಲಿ ಹದಿಮೂರು ಲಕ್ಷ ಮುಟ್ಟಿದ್ದ ಮಾಕಿಲಾದೋರ ಕೆಲಸಗಾರರ ಸಂಖ್ಯೆ ಮೂರ್ನಾಲ್ಕು ವರ್ಷಗಳಲ್ಲಿ ಎರಡು ಲಕ್ಷಕ್ಕೂ ಮೀರಿ ಇಳಿಯಿತು. ಅಮೆರಿಕದಲ್ಲಿ ವ್ಯಾಪಾರದ ಹಿಂಜರಿತವಿತ್ತು. ೨೦೦೧ರ ಡಿಸೆಂಬರಿನಲ್ಲಿ ಚೀನ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿತು. ಚೀನದ ಹುಡುಗಿ ಹ್ವಾರೆಸಿನವಳಿಗಿಂತ ಅಗ್ಗ. ಹ್ವಾರೆಸಿನ ಪತ್ರಿಕೆಗಳು ಆಗ ಬರೆದದ್ದು ಬ್ಲೂಮಿಂಗ್‌ಟನ್ನಿನ ಪತ್ರಿಕೆಗಳು ಮೊದಲು ಬರೆದದ್ದಕ್ಕಿಂತ ಬೇರೆಯಾಗಿರಲಿಲ್ಲ. ಥಾಮ್ಸನ್ ಕಂಪನಿ ತನ್ನ ಟೆಲಿವಿಷನ್ ವ್ಯವಹಾರವನ್ನು ೨೦೦೪ರಲ್ಲಿ ಚೀನದ ಟಿ.ಸಿ.ಎಲ್. ಜೊತೆಗಿನ ಕೂಡುವಳಿಗೆ ಸೇರಿಸಿಬಿಟ್ಟಿತು. ಆರ್.ಸಿ.ಎ. ಎಂಬುದು ಆಮೇಲೆ ಬಾಡಿಗೆಗೆ ಕೊಡುವ ಹೆಸರಾಗಿ ಉಳಿಯಿತು.

ಈಚೆಗೆ ಗಾಳಿ ಮತ್ತೆ ತಿರುಗಿದೆ. ೨೦೧೮ರಿಂದ ಅಮೆರಿಕ ಚೀನದ ಮಾಲಿನ ಮೇಲೆ ಸುಂಕ ಏರಿಸಿತು. ೨೦೨೦ರ ಸಾಂಕ್ರಾಮಿಕದಲ್ಲಿ ಹಡಗುಗಳು ಬಂದರಿನ ಹೊರಗೆ ನಿಂತವು. ದೂರದ ಅಗ್ಗಕ್ಕಿಂತ ಹತ್ತಿರದ ಅಗ್ಗವೇ ಮೇಲೆಂಬ ಮಾತು ಮತ್ತೆ ಕೇಳಬಂದಿತು. ೨೦೨೩ರಲ್ಲಿ ಅಮೆರಿಕಕ್ಕೆ ಮಾಲು ಕಳಿಸುವ ದೇಶಗಳಲ್ಲಿ ಮೆಕ್ಸಿಕೊ ಚೀನವನ್ನು ಹಿಂದಕ್ಕೆ ಹಾಕಿತು. ಈ ಗಾಳಿಯ ಒಂದು ಸುಳಿ ನಮ್ಮ ಕಡೆಗೂ ಬೀಸಿದೆ. ಹ್ವಾರೆಸಿನಲ್ಲಿ ಕಾರ್ಖಾನೆಗಳಿರುವ ತೈವಾನಿನ ಫಾಕ್ಸ್‌ಕಾನ್ ಕಂಪನಿ ದೇವನಹಳ್ಳಿಯ ಬಳಿ ಕಟ್ಟಿದ ಕಾರ್ಖಾನೆಯಲ್ಲಿ ೨೦೨೫ರಲ್ಲಿ ಐಫೋನ್ ಜೋಡಣೆ ಪ್ರಾರಂಭವಾಯಿತು. ಅಲ್ಲಿಯೂ ಜೋಡಣೆಗೆ ಸೇರಿದವರು ಬಹುಪಾಲು ತರುಣಿಯರೇ. ನಾವು ಈ ಸಲ ಸುದ್ದಿಯನ್ನು ಬ್ಲೂಮಿಂಗ್‌ಟನ್ನಿನವರು ೧೯೪೦ರಲ್ಲಿ ಓದಿದಂತೆ, ಹ್ವಾರೆಸಿನವರು ೧೯೬೮ರಲ್ಲಿ ಓದಿದಂತೆ ಓದಿದೆವು. ಅದರಲ್ಲಿ ತಪ್ಪೇನೂ ಇಲ್ಲ. ಕೆಲಸವಿಲ್ಲದ ಮನೆಗೆ ಸಂಬಳ ಬರುವುದು ಸಂತೋಷದ ವಿಷಯವೇ.

ಮೆಕ್ಸಿಕೊದ ಗಡಿಯ ಪೂರ್ವದ ತುದಿಯಲ್ಲಿ, ಕೊಲ್ಲಿಯ ಹತ್ತಿರ, ಮಾತಾಮೊರೊಸ್ ಎಂಬ ಊರಿದೆ. ೨೦೧೯ರ ಜನವರಿಯಲ್ಲಿ ಹೊಸ ಅಧ್ಯಕ್ಷ ಲೋಪೆಸ್ ಒಬ್ರಡೊರ್ ಗಡಿ ಪ್ರದೇಶದ ಕನಿಷ್ಠ ದಿನಗೂಲಿಯನ್ನು ಇಮ್ಮಡಿ ಮಾಡಿ ೧೭೬ ಪೆಸೊಗೆ ಏರಿಸಿದರು. ಆ ಊರಿನ ಹಳೆಯ ಒಪ್ಪಂದಗಳಲ್ಲಿ, ಕನಿಷ್ಠ ಕೂಲಿ ಏರಿದರೆ ಉಳಿದವರ ಕೂಲಿಯೂ ಅದಕ್ಕೆ ತಕ್ಕಂತೆ ಏರಬೇಕೆಂಬ ಷರತ್ತು ಮರೆತುಹೋದಂತೆ ಬಿದ್ದಿತ್ತು. ಅದನ್ನು ಹೆಕ್ಕಿ ತೆಗೆದು, ಶೇಕಡ ಇಪ್ಪತ್ತರ ಏರಿಕೆ ಮತ್ತು ಮೂವತ್ತೆರಡು ಸಾವಿರ ಪೆಸೊ ಬೋನಸ್ಸಿಗಾಗಿ ನಲವತ್ತಕ್ಕೂ ಹೆಚ್ಚು ಕಾರ್ಖಾನೆಗಳ ಜನ, ತಮ್ಮ ಸಂಘದ ಪುಢಾರಿಗಳನ್ನೂ ಬದಿಗೊತ್ತಿ, ಕೆಲಸ ನಿಲ್ಲಿಸಿದರು. ಕೇಳಿದ್ದನ್ನು ಪಡೆದರು. ಕೆಲವು ಕಂಪನಿಗಳು ಕೂಡಲೇ ಊರು ಬಿಡುವ ಮಾತೆತ್ತಿದವು; ಮುಂದಿನ ವಾರಗಳಲ್ಲಿ ಸಾವಿರಾರು ಜನರನ್ನು ಕೆಲಸದಿಂದ ತೆಗೆದರು. ಕಾರ್ಮಿಕರಿಗೆ ಬೆನ್ನಾಗಿ ನಿಂತವರು ಹ್ವಾರೆಸಿನಿಂದ ಬಂದ ವಕೀಲೆ ಸುಸಾನಾ ಪ್ರಿಯೆತೊ ತೆರ್ರಾಸಾಸ್. ೨೦೨೦ರ ಜೂನಿನಲ್ಲಿ ಅವರನ್ನು ಗಲಭೆಗೆ ಪ್ರಚೋದಿಸಿದ ಆಪಾದನೆಯ ಮೇಲೆ ಸೆರೆಗೆ ಹಾಕಿದರು. ಕೆಲವು ವಾರಗಳ ಬಳಿಕ ಷರತ್ತಿನ ಮೇಲೆ ಬಿಟ್ಟರು. ೨೦೨೧ರ ಚುನಾವಣೆಯಲ್ಲಿ ಅವರು ಮೆಕ್ಸಿಕೊದ ಸಂಸತ್ತಿಗೆ ಆರಿಸಿಬಂದರು.